ಶೀತವೆಂದು ಬರೆದ ಹತ್ತು ದಿನ

"ಒದೆಯದ, ಕಚ್ಚದ, ಲಾರಿ ಹಾರನ್ನಿಗೂ ಬೆದರದ ಕುದುರೆ ಈ ಊರಲ್ಲಿ ಒಂದಾದರೂ ಇದೆಯಾ?" ಎಂದು ಕೇಳುತ್ತ ಆ ಡಾಕ್ಟರಮ್ಮ ಪಶು ಆಸ್ಪತ್ರೆಯ ಜಗಲಿ ಹತ್ತಿದಾಗ ನಾನು ಎಮ್ಮೆಯೊಂದರ ಹೆರಿಗೆ ಮುಗಿಸಿ ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಿಸಿಕೊಳ್ಳುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಶ್ರೀರಂಗಪಟ್ಟಣಕ್ಕೆ ಪಶುವೈದ್ಯನಾಗಿ ಬಂದು ಆಗಿನ್ನೂ ಎರಡು ವರ್ಷ. ದನ, ಎಮ್ಮೆ, ಕುರಿಗಳ ನಡುವೆ ಕುದುರೆ ನನ್ನ ಪಾಲಿಗೆ ಅಪರೂಪವೇ. ರೈಲ್ವೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಏಳೆಂಟು ಜಟಕಾ ಕುದುರೆಗಳಿಗೆ ಲಾಳದ ಗಾಯ, ಹೊಟ್ಟೆನೋವು ಬಂದರೆ ನೋಡುತ್ತಿದ್ದೆ, ಅಷ್ಟೆ.

ಡಾಕ್ಟರಮ್ಮ ಮೈಸೂರಿನಲ್ಲಿ ಮಕ್ಕಳ ಮನಸ್ಸಿನ ಕಾಯಿಲೆಗಳನ್ನು ನೋಡುತ್ತಿದ್ದವರು. ವಯಸ್ಸು ನಲವತ್ತರ ಆಸುಪಾಸು, ಕೈಯಲ್ಲಿ ಗಂಡಸರ ಗಡಿಯಾರ, ಕಂಕುಳಲ್ಲಿ ಉದ್ದದ ನೋಟುಬುಕ್ಕು. ಆಟಿಸಂ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಕಿವಿ ಕೇಳಿಸುತ್ತದೆ, ನಾಲಗೆ ನೆಟ್ಟಗಿದೆ, ಆದರೆ ಮಗು ಮಾತಾಡುವುದಿಲ್ಲ. ಹೆತ್ತವರ ಮುಖವನ್ನೂ ನೋಡುವುದಿಲ್ಲ. ತನ್ನಷ್ಟಕ್ಕೆ ತೂಗಾಡುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ಅಂಥವರನ್ನು ಊರಿನವರು ಮಂಕು ಎಂದೋ ಗಾಳಿ ಸೋಕಿದ್ದು ಎಂದೋ ಕರೆದು ಸುಮ್ಮನಾಗುತ್ತಿದ್ದರು.

"ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತೆ ಅಂತ ನಮ್ಮ ಪುಸ್ತಕದಲ್ಲಿದೆ," ಎಂದರು. "ನಾನು ನೋಡಿದ ತಾಯಂದಿರಲ್ಲಿ ಅಂಥವರು ಒಬ್ಬರೂ ಸಿಕ್ಕಿಲ್ಲ. ಅದಕ್ಕೇ ಆ ಪುಸ್ತಕ ಬದಿಗಿಟ್ಟು ಬಂದೆ."

ಅವರಿಗೆ ಕುದುರೆಯ ಯೋಚನೆ ಬಂದದ್ದು ಪಾಂಡವಪುರ ತಾಲ್ಲೂಕಿನ ಒಬ್ಬ ರೈತನಿಂದ. ಏಳು ವರ್ಷದ ಮಗಳನ್ನು ಕರೆದುಕೊಂಡು ಮೈಸೂರಿಗೆ ಬರುತ್ತಿದ್ದವನು ಒಂದು ದಿನ ಹೇಳಿದನಂತೆ: "ರೈಲಲ್ಲೂ ಚಚ್ಕೊತಾಳೆ, ಆಸ್ಪತ್ರೇಲೂ ಚಚ್ಕೊತಾಳೆ. ಸ್ಟೇಷನ್ನಿಂದ ಜಟಕಾದಲ್ಲಿ ಬರೋವಾಗ ಮಾತ್ರ ಕುದ್ರೆ ಬೆನ್ನೇ ನೋಡ್ಕಂಡು ಸುಮ್ಕೆ ಕುಂತಿರ್ತಾಳೆ ಕಣವ್ವ." ಪೋಲಿಯೋ ಆದವರನ್ನು ಹೊರದೇಶಗಳಲ್ಲಿ ಕುದುರೆಯ ಮೇಲೆ ಕೂರಿಸುವುದನ್ನು ಡಾಕ್ಟರಮ್ಮ ಓದಿದ್ದರು. ಈ ಮಕ್ಕಳಿಗೂ ಅದು ಆಗುತ್ತದೆಯೇ ಎಂದು ಪರೀಕ್ಷಿಸಲು ಹನ್ನೆರಡು ವಾರಗಳ ಒಂದು ಯೋಜನೆ ಹಾಕಿಕೊಂಡಿದ್ದರು. ಕುದುರೆಯ ಆರೋಗ್ಯಕ್ಕೆ ಒಬ್ಬ ಪಶುವೈದ್ಯ ಹೊಣೆಯಾಗಬೇಕಿತ್ತು. ನಾನು ಒಪ್ಪಿಕೊಂಡೆ.

ಜಟಕಾ ಸ್ಟ್ಯಾಂಡಿನಲ್ಲಿ ಎಲ್ಲ ಕುದುರೆಗಳನ್ನೂ ನೋಡಿದೆವು. ನಾನು ಹಿಂದಿನಿಂದ ತಗಡಿನ ಡಬ್ಬ ಬಡಿದೆ. ಒಂದು ಹೆಣ್ಣು ಕುದುರೆ ಬಿಟ್ಟು ಉಳಿದವೆಲ್ಲ ಕಿವಿ ನಿಮಿರಿಸಿದವು, ಎರಡು ಒದೆಯಲು ಬಂದವು. ಆ ಒಂದು ಮಾತ್ರ ಹುಲ್ಲು ಮೆಲ್ಲುವುದನ್ನು ನಿಲ್ಲಿಸಲಿಲ್ಲ. ಬೂದುಬಣ್ಣ, ಹದಿಮೂರೋ ಹದಿನಾಲ್ಕೋ ವರ್ಷ, ಹೆಸರು ಬಿಜಲಿ.

"ಸಾಬ್, ಇದರ ಹೊಟ್ಟೆ ಕೆಳಗೆ ನನ್ನ ಮಕ್ಕಳು ಗೋಲಿ ಆಡಿ ದೊಡ್ಡವರಾದ್ರು," ಎಂದರು ಅದರ ಯಜಮಾನರು. ಐವತ್ತು ದಾಟಿದ್ದ ತೆಳ್ಳನೆಯ ಮನುಷ್ಯ. ಊರಿನವರು ಜಟಕಾ ಸಾಬರೆಂದೇ ಕರೆಯುತ್ತಿದ್ದರು. "ಬಿಜಲಿ ಅಂತ ಹೆಸರಿಟ್ಟಿದ್ದೇ ತಪ್ಪಾಯ್ತು. ಇದು ಎಮ್ಮೆ."

ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ, ನದಿಯ ಪಕ್ಕದ ಮಾವಿನ ತೋಪಿನಲ್ಲಿ ಕೆಲಸ. ಬಿದ್ದರೂ ಪೆಟ್ಟಾಗದ ಮರಳು ನೆಲ ಅದು. ಜೀನು ಬೇಡವೆಂದು ನಾನೇ ಹೇಳಿದೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅಗಲವಾದ ಪಟ್ಟಿಯಿಂದ ಹೊಟ್ಟೆಗೆ ಬಿಗಿಯುತ್ತಿದ್ದೆವು. ಮಗುವಿನ ತೊಡೆಗೆ ಕುದುರೆಯ ಮೈಬಿಸಿ ತಾಗಬೇಕೆಂದು ಡಾಕ್ಟರಮ್ಮನಿಗೂ ಆಸೆಯಿತ್ತು. ಸಾಬರು ಹಗ್ಗ ಹಿಡಿದು ಮುಂದೆ, ಇಬ್ಬರು ಅಕ್ಕಪಕ್ಕ. ಅರ್ಧ ಗಂಟೆ ಕುದುರೆ, ಅರ್ಧ ಗಂಟೆ ಅದೇ ದಾರಿಯಲ್ಲಿ ಎತ್ತಿನ ಗಾಡಿ. ಒಂದು ದಿನ ಕುದುರೆ ಮೊದಲು, ಮತ್ತೊಂದು ದಿನ ಗಾಡಿ ಮೊದಲು.

"ಗಾಡಿ ಯಾಕೆ?" ಎಂದು ಕೇಳಿದೆ.

"ಮನೆಯಿಂದ ಹೊರಗೆ ಬಂದಿದ್ದಕ್ಕೇ ಖುಷಿಯಾಯಿತೋ, ಕುದುರೆಯಿಂದಲೇ ಆಯಿತೋ ಗೊತ್ತಾಗಬೇಡವೇ? ನಮಗೆ ಇಷ್ಟವಾದದ್ದು ಕಂಡರೆ ಅದನ್ನು ಎರಡು ಸಲ ಅನುಮಾನಿಸಬೇಕು."

ಮಗು ಎಷ್ಟು ಸಲ ತಲೆ ಚಚ್ಚಿಕೊಂಡಿತು, ಎಷ್ಟು ಸಲ ಯಾರದಾದರೂ ಮುಖ ನೋಡಿತು, ಯಾವ ಸದ್ದು ಮಾಡಿತು ಎಂದು ಗಡಿಯಾರ ಹಿಡಿದು ಹತ್ತು ನಿಮಿಷಕ್ಕೊಮ್ಮೆ ಗೀಟು ಹಾಕುತ್ತಿದ್ದರು. ನನ್ನ ಕೆಲಸ ಬೇರೆ. ಮಕ್ಕಳು ಬರುವ ಮೊದಲು ಬಿಜಲಿಯ ಜ್ವರ, ನಾಡಿ, ಉಸಿರು, ಗೊರಸು, ಬೆನ್ನಿನ ಚರ್ಮ ನೋಡಿ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ನನ್ನ ಸಹಿಯಿಲ್ಲದೆ ಮಗು ಕುದುರೆ ಹತ್ತುವಂತಿರಲಿಲ್ಲ.

ನಾಲ್ಕು ತಾಲ್ಲೂಕುಗಳಿಂದ ನಾಲ್ಕು ಮಕ್ಕಳು. ನಾಗಮಂಗಲದ ಹುಡುಗನ ತಂದೆ ಕಚೇರಿಯಲ್ಲಿ ಗುಮಾಸ್ತರು. ವಾರಕ್ಕೆರಡು ದಿನ ರಜೆ ಸಿಗದೆ ಮೂರನೆಯ ವಾರಕ್ಕೆ ಬಿಟ್ಟರು. ಕೆ.ಆರ್. ಪೇಟೆ ಕಡೆಯ ಮಾಕವಳ್ಳಿಯಿಂದ ಬಂದ ಹುಡುಗನ ತಂದೆ ಪಾಂಡವಪುರದ ಸಕ್ಕರೆ ಕಾರ್ಖಾನೆಯ ಕೆಲಸಗಾರ. ಮಗುವನ್ನು ಕರೆತರುತ್ತಿದ್ದುದು ಅಜ್ಜಿ. ಆ ಹುಡುಗ ಬಿಜಲಿಯ ಹತ್ತಿರ ಹೋದರೆ ಉಸಿರು ಕಟ್ಟುವಂತೆ ಕಿರುಚುತ್ತಿದ್ದ. "ಇದ್ಯಾವ ಔಸ್ದಿ ಅಂತ ಮಾಡ್ತೀರ, ಮಗ ನೀಲಿ ಆಗೋಯ್ತಾನೆ," ಎಂದು ಅಜ್ಜಿ ನಾಲ್ಕನೆಯ ವಾರಕ್ಕೆ ನಿಂತುಬಿಟ್ಟರು. ಊರಿನ ಅಂಗಡಿಯವರ ಮಗ ನಗುತ್ತ ಹತ್ತುತ್ತಿದ್ದ, ನಗುತ್ತ ಇಳಿಯುತ್ತಿದ್ದ. ಲೆಕ್ಕದ ಗೀಟುಗಳಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ.

ಉಳಿದವಳು ಪಾಂಡವಪುರದ ಹುಡುಗಿ. ಮೊದಲ ದಿನವೇ ಕಂಬಳಿಯ ಮೇಲೆ ಕೂರಿಸಿದಾಗ ಬಿಜಲಿಯ ಕುತ್ತಿಗೆಯ ಮೇಲೆ ಮಲಗಿಬಿಟ್ಟಳು. ಕುದುರೆಯ ಮೇಲಿನ ಅರ್ಧ ಗಂಟೆಯಲ್ಲಿ ಚಚ್ಚಿಕೊಳ್ಳುವುದು ಕಡಿಮೆಯಾಗುತ್ತ ಬಂತು. ಗಾಡಿಯಲ್ಲಿ ಹಾಗೆಯೇ ಉಳಿಯಿತು. ಐದನೆಯ ವಾರ ಇಳಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರತೊಡಗಿದಳು. ಹಣೆಯ ಮೇಲಿದ್ದ ಹುಣ್ಣು ಒಣಗಿ ಹೊಸ ಚರ್ಮ ಬಂತು. ಡಾಕ್ಟರಮ್ಮ ಮಾತ್ರ ಹಿಗ್ಗಲಿಲ್ಲ. "ನಾಲ್ವರಲ್ಲಿ ಒಬ್ಬಳು. ಇದನ್ನು ಸಂಶೋಧನೆ ಅನ್ನಲ್ಲ, ಕಥೆ ಅಂತಾರೆ," ಎನ್ನುತ್ತಿದ್ದರು. ಆದರೂ ಆ ಹುಡುಗಿಯ ಹಾಳೆಗಳನ್ನು ಮೇಲಿಂದ ಮೇಲೆ ತೆಗೆದು ನೋಡುತ್ತಿದ್ದರು.

ಏಳನೆಯ ವಾರದ ಮಂಗಳವಾರ. ತೋಪಿನ ಕೊನೆಯಲ್ಲಿ ಬಿಜಲಿ ಎಂದಿನಂತೆ ನಿಂತಿತು. ಸಾಬರು ಬೀಡಿ ಕಚ್ಚಿಕೊಂಡಿದ್ದರಿಂದ ಕುದುರೆ ಹೊರಡಿಸಲು ದಿನವೂ ಹೇಳುವ ಉರ್ದು ಮಾತಿಗೆ ಒಂದು ಗಳಿಗೆ ತಡವಾಯಿತು. ಕುದುರೆಯ ಮೇಲಿಂದ ಸಣ್ಣ, ಒಡಕು ದನಿ ಬಂತು: "ಚಲ್."

ಬಿಜಲಿ ನಡೆಯಿತು. ನಾವು ಯಾರೂ ನಡೆಯಲಿಲ್ಲ. ಪಕ್ಕದಲ್ಲಿ ಹಿಡಿದುಕೊಂಡಿದ್ದ ತಂದೆ ನಾಲ್ಕು ಹೆಜ್ಜೆ ಓಡಿ ಮಗಳ ಕಾಲು ಹಿಡಿದ. ಆಮೇಲೆ ಇಳಿಸಿಕೊಂಡ.

"ನಮ್ಮನೇಲಿ ಯಾರ್ಗೂ ಆ ಭಾಷೆ ಬರಾಕಿಲ್ಲ ಸ್ವಾಮಿ," ಎಂದ. "ಯಾವ ಭಾಷೆ ಆದ್ರೇನು ಬುಡಿ. ಬಂತಲ್ಲ."

ಸಾಬರು ತಲೆಯ ಟವಲು ಬಿಚ್ಚಿ ಮುಖ ಒರೆಸಿಕೊಂಡರು.

ಅದೇ ವಾರದ ಶುಕ್ರವಾರ ಬೆಳಿಗ್ಗೆ ಬಿಜಲಿಯ ಎಡ ಹೊಳ್ಳೆಯಲ್ಲಿ ಅಂಟಾದ ಸಿಂಬಳ ಕಂಡೆ. ಬಲಗಡೆ ಒಣಗಿತ್ತು. ಜ್ವರ ಒಂದು ಡಿಗ್ರಿ ಹೆಚ್ಚು. ದವಡೆಯ ಕೆಳಗೆ ಎಡಕ್ಕೆ ಅಡಕೆಯಷ್ಟು ಗಂಟು.

ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಕುದುರೆಗೆ ಸಾಮಾನ್ಯವಾಗಿ ಬರುವ ಗಂಟಲು ಬಾವಿನಲ್ಲಿ ಗಂಟು ಬಿಸಿಯಾಗಿರುತ್ತದೆ, ಮುಟ್ಟಿದರೆ ಕುದುರೆ ತಲೆ ಎಳೆದುಕೊಳ್ಳುತ್ತದೆ, ಮಾಗಿ ಒಡೆಯುತ್ತದೆ. ಗ್ಲಾಂಡರ್ಸ್ ಎಂಬ ರೋಗದಲ್ಲಿ ಗಂಟು ತಣ್ಣಗೆ, ಕಲ್ಲಿನಂತೆ, ಎಲುಬಿಗೆ ಅಂಟಿಕೊಂಡಿರುತ್ತದೆ, ಒತ್ತಿದರೂ ನೋವಿಲ್ಲ. ಬಹಳ ಸಲ ಒಂದೇ ಹೊಳ್ಳೆ ಸುರಿಯುತ್ತದೆ. ಅದಕ್ಕೆ ಮದ್ದಿಲ್ಲ, ಕುದುರೆಯನ್ನು ಕೊಲ್ಲಬೇಕೆಂದು ಕಾನೂನೇ ಇದೆ. ಮನುಷ್ಯರಿಗೂ ಹತ್ತುತ್ತದೆ. ಕಾಲೇಜಿನಲ್ಲಿ ಆ ರೋಗದ ಶ್ವಾಸಕೋಶವನ್ನು ಗಾಜಿನ ಜಾಡಿಯಲ್ಲಿಟ್ಟಿದ್ದರು. ಜಾಡಿಯನ್ನು ಮುಟ್ಟುವುದಕ್ಕೂ ನಮ್ಮ ಮೇಷ್ಟ್ರು ಬಿಡುತ್ತಿರಲಿಲ್ಲ.

ನಾನು ಗಂಟನ್ನು ಒತ್ತಿದೆ. ಬಿಜಲಿ ತಲೆ ಎಳೆದುಕೊಳ್ಳಲಿಲ್ಲ. ಅದು ಏನಕ್ಕೂ ಎಳೆದುಕೊಳ್ಳುವ ಕುದುರೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಹುಡುಗಿ ಬಂದಳು. ಅಪ್ಪನ ಕೈ ಬಿಡಿಸಿಕೊಂಡು ಅವಳೇ ಕುದುರೆಯ ಕಡೆ ನಡೆದು ಬಂದಳು. ಅದು ಮೊದಲ ಸಲ. ರಿಜಿಸ್ಟರಿನಲ್ಲಿ "ಶೀತ" ಎಂದು ಬರೆದು ಸಹಿ ಹಾಕಿದೆ.

ಸಲ್ಫಾ ಮಾತ್ರೆ ಕೊಟ್ಟೆ. ನೀಲಗಿರಿ ಎಣ್ಣೆಯ ಹಬೆ ಹಿಡಿಯಲು ಹೇಳಿದೆ. ಮಂಗಳವಾರ ನೋಡಿದಾಗ ಮೂಗು ಒಣಗಿದಂತೆ ಕಂಡಿತು. ಗಂಟು ಹಾಗೆಯೇ ಇತ್ತು. ಮತ್ತೆ "ಶೀತ, ಕಡಿಮೆಯಾಗುತ್ತಿದೆ". ಶುಕ್ರವಾರವೂ ಅದೇ. ಮೂಗಿನೊಳಗೆ ಬೆಳಕು ಬಿಟ್ಟು ನೋಡಬೇಕೆಂದು ಗೊತ್ತಿತ್ತು. ಅದಕ್ಕೆ ಬೇಕಾದ ಕನ್ನಡಿ ಬೀರುವಿನಲ್ಲೇ ಇತ್ತು. ನೋಡಿದರೆ ಕಾಣುತ್ತದೆ ಎಂಬುದೂ ಬಹುಶಃ ಗೊತ್ತಿತ್ತು. ಆ ಮೂರು ದಿನಗಳಲ್ಲಿ ಹುಡುಗಿ "ಚಲ್" ಎಂದದ್ದನ್ನು ಡಾಕ್ಟರಮ್ಮ ಹನ್ನೊಂದು ಸಲ ಬರೆದುಕೊಂಡರು.

ಸೋಮವಾರ ಬೆಳಿಗ್ಗೆ ಕನ್ನಡಿ ತೆಗೆದುಕೊಂಡು ಸಾಬರ ಮನೆಗೆ ಹೋದೆ. ಹೊಳ್ಳೆಯನ್ನು ಅಗಲಿಸಿ ಬಿಸಿಲನ್ನು ಒಳಕ್ಕೆ ಬಿಟ್ಟೆ. ನಡುಗೋಡೆಯ ಮೇಲೆ ಎರಡು ಹುಣ್ಣು, ಅಂಚು ಎದ್ದು ಮಧ್ಯೆ ಕೊರೆದಂತೆ. ಪಕ್ಕದಲ್ಲಿ ಮಾಗಿದ ಹಳೆಯ ಗಾಯದ ನಕ್ಷತ್ರದಂಥ ಗುರುತು. ಆ ಗುರುತು ಮೂಡಲು ಹತ್ತು ದಿನ ಸಾಲದು. ರೋಗ ಒಳಗೆ ಕೂತು ಬಹಳ ಕಾಲವಾಗಿತ್ತು.

"ಏನ್ ಸಾಬ್?" ಎಂದರು ಸಾಬರು.

"ಇದನ್ನು ಬೇರೆ ಕಟ್ಟಿ. ನೀವೂ ಹತ್ತಿರ ಹೋಗಬೇಡಿ. ಹುಲ್ಲು ದೂರದಿಂದ ಹಾಕಿ."

"ನಾನು ಹೋಗದಿದ್ರೆ ಅದು ತಿನ್ನಲ್ಲ ಸಾಬ್."

ಅಂಚೆ ಕಚೇರಿಯಿಂದ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಬಂದರು. ಇನ್ನು ನಾಲ್ಕು ವಾರ ಉಳಿದಿತ್ತು. "ಪರೀಕ್ಷೆ ಆಗಿಲ್ಲವಲ್ಲ, ಬರೀ ಅನುಮಾನ ತಾನೆ?" ಎಂದರು. ಹೌದೆಂದೆ. "ಮನುಷ್ಯರಿಗೆ ಬಂದರೆ?"

"ಬದುಕಿದವರು ಕಡಿಮೆ."

ಅವರು ನೋಟುಬುಕ್ಕು ಮುಚ್ಚಿದರು. "ನಾಳೆ ಮಕ್ಕಳು ಬರಬಾರದು. ತಂತಿ ಕೊಡಿಸ್ತೀನಿ," ಎಂದಷ್ಟೇ ಹೇಳಿದರು. ಲಕ್ಷಣ ಯಾವತ್ತಿನಿಂದ ಇದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಪರೀಕ್ಷೆಯ ಮದ್ದು ಮಂಗಳವಾರವೇ ಬೆಂಗಳೂರಿನಿಂದ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸಿನ ನಡುವೆ ಬಂತು. ಬಿಜಲಿಯ ಕೆಳರೆಪ್ಪೆಯ ಚರ್ಮದೊಳಗೆ ಅಕ್ಕಿಕಾಳಿನಷ್ಟು ಉಬ್ಬುವಂತೆ ಚುಚ್ಚಿದೆ. ರೋಗವಿಲ್ಲದಿದ್ದರೆ ಉಬ್ಬು ಮರುದಿನಕ್ಕೆ ಇಳಿದುಹೋಗುತ್ತದೆ. ಮರುದಿನ ಹೋದಾಗ ಕಣ್ಣು ಪೂರ್ತಿ ಮುಚ್ಚಿತ್ತು. ರೆಪ್ಪೆ ಬದನೆಕಾಯಿಯಂತೆ ಊದಿ ಕೀವು ಕೆನ್ನೆಗೆ ಇಳಿದಿತ್ತು. ನಿಯಮದಂತೆ ಇನ್ನೂ ಒಂದು ದಿನ ಕಾದೆ. ಊತ ಇಳಿಯಲಿಲ್ಲ.

ಇಲಾಖೆಯ ಫಾರಂ ತುಂಬಿದೆ. "ರೋಗಲಕ್ಷಣ ಮೊದಲು ಕಂಡ ದಿನ" ಎಂಬ ಜಾಗದಲ್ಲಿ ಸೋಮವಾರದ ತಾರೀಕು ಬರೆದೆ.

ಊರ ಹೊರಗಿನ ಬೀಳಿನಲ್ಲಿ ಆಳದ ಗುಂಡಿ ತೋಡಿಸಿ, ಸುಣ್ಣದ ಮೂಟೆ ತರಿಸಿ, ಬಂದೂಕಿನ ಪೊಲೀಸನೊಬ್ಬನನ್ನು ಕೇಳಿ ಪಡೆದೆ. ಬಿಜಲಿ ಬೇರೆಯವರು ಎಳೆದರೆ ಹೆಜ್ಜೆ ಕಿತ್ತಿಡಲಿಲ್ಲ. ಕೊನೆಗೆ ಸಾಬರೇ ಹಗ್ಗ ಹಿಡಿದರು. ಕೈಗೆ ಹಾಕಿಕೊಳ್ಳಿ ಎಂದು ನಾನು ಕೊಟ್ಟ ರಬ್ಬರ್ ಗ್ಲೌಸನ್ನು ಜೇಬಿಗಿಟ್ಟುಕೊಂಡರು. ಗುಂಡಿಯ ಅಂಚಿನಲ್ಲಿ ನಿಲ್ಲಿಸಿ, ಒಂದೊಂದು ಕಣ್ಣಿನಿಂದ ಎದುರಿನ ಕಿವಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಎರಡೂ ಗೆರೆ ಕೂಡುವ ಜಾಗಕ್ಕೆ ಗುರಿ. ಡಬ್ಬದ ಸದ್ದಿಗೆ ಬೆದರದ ಕುದುರೆ ಬಂದೂಕಿನ ಕುದುರೆ ಎಳೆದ ಸದ್ದಿಗೂ ಅಲುಗಲಿಲ್ಲ. ಒಂದೇ ಗುಂಡು ಸಾಕಾಯಿತು. ಕಂಬಳಿ, ಪಟ್ಟಿ, ಹಗ್ಗ, ಬುಟ್ಟಿ ಎಲ್ಲವನ್ನೂ ಸುಟ್ಟೆವು. ಉಳಿದ ಜಟಕಾ ಕುದುರೆಗಳಿಗೂ ಪರೀಕ್ಷೆ ಮಾಡಿದೆ, ಸಿಕ್ಕವುಗಳಲ್ಲಿ ರೋಗ ಕಾಣಲಿಲ್ಲ. ಮೊದಲೇ ಸುದ್ದಿ ತಿಳಿದು ಇಬ್ಬರು ಕುದುರೆ ಸಮೇತ ಊರು ಬಿಟ್ಟಿದ್ದರು. ಅವು ಎಲ್ಲಿ ಹೋದವೆಂದು ಕೊನೆಗೂ ತಿಳಿಯಲಿಲ್ಲ.

ಆ ಶುಕ್ರವಾರ ಪಾಂಡವಪುರದ ರೈತ ಮಗಳೊಂದಿಗೆ ತೋಪಿಗೆ ಬಂದುಬಿಟ್ಟ. ಮಂಗಳವಾರ ಬರಬೇಡಿ ಎಂದು ತಂತಿಯಲ್ಲಿತ್ತು, ಮುಂದೆಯೂ ಬರಬೇಡಿ ಎಂದಿರಲಿಲ್ಲ. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಸಾಬರು ಮರದ ಬುಡದಲ್ಲಿ ಕೂತಿದ್ದರು. ಹೋಗಲು ಬೇರೆ ಜಾಗವಿರಲಿಲ್ಲವೇನೋ. ಹುಡುಗಿ ಅವರ ಕೈ ಹಿಡಿದು ಕುದುರೆ ಕಟ್ಟುತ್ತಿದ್ದ ಕಡೆಗೆ ಎಳೆಯುತ್ತ "ಚಲ್, ಚಲ್" ಎನ್ನುತ್ತಿದ್ದಳು. ಅವಳು ಎಳೆಯುತ್ತಿದ್ದ ಕೈಯ ತೋರುಬೆರಳಿಗೆ ಕೊಳೆ ಬಟ್ಟೆ ಸುತ್ತಿತ್ತು.

"ಕೈ ಬಿಡಿಸಿ," ಎಂದೆ ರೈತನಿಗೆ. "ಸಾಬರೇ, ಬೆರಳಿಗೇನಾಗಿದೆ?"

"ಹಗ್ಗ ಉಜ್ಜಿದ್ದು ಸಾಬ್. ವಾಸಿಯಾಗ್ತಾ ಇಲ್ಲ."

ಬಟ್ಟೆ ಬಿಚ್ಚಿಸಿದೆ. ಹುಣ್ಣಿನಿಂದ ಮೊಣಕೈವರೆಗೆ ಚರ್ಮದ ಕೆಳಗೆ ಮಣಿ ಪೋಣಿಸಿದಂತೆ ಗಂಟುಗಳು. ಅದೇ ಹೊತ್ತಿಗೆ ಸಿಕ್ಕ ಕಾರಿನಲ್ಲಿ ಅವರನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರೋಗದ ಹೆಸರನ್ನು ನಾನೇ ಚೀಟಿಯಲ್ಲಿ ಬರೆದುಕೊಟ್ಟೆ. ಅಲ್ಲಿನ ವೈದ್ಯರು ತಮ್ಮ ಕೈಲಾದ ಮದ್ದನ್ನೆಲ್ಲ ಕೊಟ್ಟರು. ಮೂರನೆಯ ವಾರ ರೋಗ ಎದೆಗಿಳಿಯಿತು. ನಾನು ಕೊನೆಯ ಸಲ ನೋಡಲು ಹೋದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಎರಡು ದಿನ ಕಳೆದು ತೀರಿಕೊಂಡರು.

ನಾಲ್ಕು ಮಕ್ಕಳನ್ನೂ ಅವರ ಮನೆಯವರನ್ನೂ ಡಾಕ್ಟರಮ್ಮ ತಿಂಗಳುಗಟ್ಟಲೆ ಬಿಡದೆ ನೋಡಿದರು. ವಾರಕ್ಕೊಂದು ತಾಲ್ಲೂಕಿನಂತೆ ಬಸ್ಸಿನಲ್ಲಿ ಹೋಗಿ ಜ್ವರ ಅಳೆದು, ಮೈ ತಡವಿ, ರಕ್ತ ತೆಗೆದು ತಂದರು. ಯಾರಿಗೂ ತಗುಲಿರಲಿಲ್ಲ. ನನಗೂ ಇಲ್ಲ. ಆದರೆ ಹುಡುಗಿ ಹಿಂದಿಗಿಂತ ಹೆಚ್ಚಾಗಿ ಚಚ್ಚಿಕೊಳ್ಳತೊಡಗಿದಳು. ಹಣೆಯ ಹೊಸ ಚರ್ಮ ಮತ್ತೆ ಒಡೆಯಿತು. ರೈತ ಎಲ್ಲಿಂದಲೋ ಮದುವೆ ಮೆರವಣಿಗೆಯ ಕುದುರೆ ಬಾಡಿಗೆಗೆ ತಂದು ಮನೆ ಮುಂದೆ ನಿಲ್ಲಿಸಿದನಂತೆ. ಅವಳು ಅದರತ್ತ ತಿರುಗಿಯೂ ನೋಡಲಿಲ್ಲವಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರಮ್ಮ ವರದಿಯ ಕರಡು ತಂದರು. ಟೈಪು ಮಾಡಿದ ಹದಿನೆಂಟು ಹಾಳೆ. "ಈ ಅಧ್ಯಯನದಿಂದ ಏನನ್ನೂ ಹೇಳಲಾಗುವುದಿಲ್ಲ" ಎಂದು ಕೊನೆಗೆ ಬರೆದಿದ್ದರು. ಕುದುರೆಯ ಆರೋಗ್ಯದ ಬಗ್ಗೆ ಒಂದು ಪುಟ ಖಾಲಿ ಬಿಟ್ಟಿದ್ದರು. ಅದನ್ನು ನಾನು ಬರೆಯಬೇಕು. ರಿಜಿಸ್ಟರನ್ನು ಮುಂದಿಟ್ಟುಕೊಂಡು ಕೂತೆ. ಇಲಾಖೆಗೆ ಬರೆದದ್ದನ್ನೇ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಶೀತ ಎಂಬ ಪದ ಮೂರು ಸಲ ಇತ್ತು, ಮೂರರ ಕೆಳಗೂ ನನ್ನ ಸಹಿ. ಮುಂದೆ ಯಾರಾದರೂ ಎಲ್ಲಾದರೂ ಮಕ್ಕಳನ್ನು ಕುದುರೆಯ ಮೇಲೆ ಕೂರಿಸುವುದಾದರೆ ಅವರಿಗೆ ಈ ಹಾಳೆ ಒಂದೇ ನಮ್ಮಿಂದ ಸಿಗುವ ಉಪಯೋಗ ಎನ್ನಿಸಿತು. ನಿಜವಾದ ಶುಕ್ರವಾರದ ತಾರೀಕು ಬರೆದೆ. ಗಂಟು ತಣ್ಣಗಿತ್ತೆಂದು ಬರೆದೆ. ಮೂಗಿನೊಳಗೆ ನೋಡದೆ ಹತ್ತು ದಿನ ಬಿಟ್ಟೆ, ಆ ನಡುವೆ ಮೂರು ಸಲ ಮಗುವನ್ನು ಕೂರಿಸಲು ಒಪ್ಪಿಗೆ ಕೊಟ್ಟೆ ಎಂದು ಬರೆದೆ.

ಡಾಕ್ಟರಮ್ಮ ನಿಂತೇ ಓದಿದರು. "ಯಾಕೆ ನೋಡಲಿಲ್ಲ?" ಎಂದರು.

"ಅವಳು ಮಾತಾಡುತ್ತಿದ್ದಳು."

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. "ಇದು ಅಚ್ಚಾದರೆ ನಿಮ್ಮ ಇಲಾಖೆ ಸುಮ್ಮನಿರಲ್ಲ."

"ಸೇರಿಸಿ."

ಸೇರಿಸಿದರು. ತಮ್ಮ ಹೆಸರಿನ ಕೆಳಗೆ, ಮೇಲ್ವಿಚಾರಣೆಯ ಲೋಪ ತಮ್ಮದೂ ಹೌದೆಂದು ಒಂದು ಸಾಲು ಕೂಡಿಸಿದರು. ವಿಚಾರಣೆ ನಡೆಯಿತು, ನನ್ನನ್ನು ನಾಗಮಂಗಲಕ್ಕೆ ವರ್ಗ ಮಾಡಿದರು. ಅವರಿಗೆ ಮುಂದೆ ಅಂಥ ಅಧ್ಯಯನಕ್ಕೆ ಯಾರೂ ಅನುಮತಿ ಕೊಡಲಿಲ್ಲ.

ಶ್ರೀರಂಗಪಟ್ಟಣ ಬಿಡುವ ಮುಂಚೆ ಸಾಬರ ಮನೆಗೆ ಹೋದೆ. ಲಾಯದ ಜಾಗದಲ್ಲಿ ಅವರ ಹೆಂಡತಿ ಸೌದೆ ಒಟ್ಟಿದ್ದರು. ನನಗೊಂದು ಸ್ಟೂಲು ಕೊಟ್ಟು ಬಾಗಿಲ ಮರೆಗೆ ನಿಂತರು. ವರದಿಯಲ್ಲಿ ಬರೆದದ್ದನ್ನೇ ಅವರಿಗೂ ಹೇಳಿದೆ: ಹತ್ತು ದಿನ ಮೊದಲೇ ನನಗೆ ಅನುಮಾನವಿತ್ತು, ಕುದುರೆಯನ್ನು ಅವತ್ತೇ ಬೇರೆ ಕಟ್ಟಿಸಿದ್ದರೆ ಸಾಬರು ಉಳಿಯುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ.

"ಅವರಿಗೂ ಗೊತ್ತಿತ್ತು ಸಾಬ್," ಎಂದರು ಆಕೆ.

"ಏನು ಗೊತ್ತಿತ್ತಮ್ಮ?"

"ಕಾಯಿಲೆ ಹೆಸರು ಗೊತ್ತಿರ್ಲಿಲ್ಲ. ಮೂಗು ಸುರೀತಿದೆ ಅಂತ ಗೊತ್ತಿತ್ತು. ನೀವು ಬರೋ ದಿನ ಬೆಳಗ್ಗೆ ಎದ್ದು ಬೆರಳಿಗೆ ಒದ್ದೆ ಬಟ್ಟೆ ಸುತ್ಕೊಂಡು ಒಳಗಿಂದ ಒರೆಸ್ತಿದ್ರು. ಯಾಕೆ ಅಂತ ಕೇಳ್ದೆ. ಡಾಕ್ಟರ್ ನೋಡಿದ್ರೆ ನಿಲ್ಲಿಸ್ಬಿಡ್ತಾರೆ, ಬಚ್ಚಿಗೆ ಈಗ ತಾನೆ ಮಾತು ಬಂದೈತೆ, ಇನ್ನು ನಾಲ್ಕು ದಿನ ಹೋಗ್ಲಿ ಅಂದ್ರು."

ಒಂದೇ ಮಗುವಿಗಾಗಿ ಇಬ್ಬರು ಗಂಡಸರು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಮೂಗನ್ನು ಮುಚ್ಚಿಟ್ಟಿದ್ದೆವು. ಒರೆಸಿದ್ದು ಅವರ ಬೆರಳು. ಆದರೆ ಕಾಣದೆ ಹೋಯಿತೆಂದು ನಾನು ಹೇಳುವಂತಿರಲಿಲ್ಲ. ಗಂಟನ್ನು ಯಾರೂ ಒರೆಸಿರಲಿಲ್ಲ. ಎದ್ದು ನಿಂತೆ.

"ಆ ಬಚ್ಚಿ ಈಗ ಚೆನ್ನಾಗಿ ಮಾತಾಡ್ತಾಳಾ ಸಾಬ್?" ಎಂದು ಆಕೆ ಬಾಗಿಲ ಮರೆಯಿಂದ ಕೇಳಿದರು.

"ಇಲ್ಲಮ್ಮ," ಎಂದೆ.

ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗುವಾಗ, ಹೌದು ಎಂದಿದ್ದರೆ ಯಾರಿಗೂ ಏನೂ ನಷ್ಟವಾಗುತ್ತಿರಲಿಲ್ಲ ಎಂದು ಹೊಳೆಯಿತು.